ಸಂಪಾದಕಿ ತಿರುಮಲಾಂಬ ಮತ್ತು ನಮ್ಮ ಸಂಘದ ನಡಾವಳಿ ಪುಸ್ತಕ

10ನೇ ವರ್ಷಕ್ಕೆ ಮದುವೆ, 14ನೇ ವರ್ಷಕ್ಕೆ ವೈಧವ್ಯ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಮ್ಮ ನಾಡಿನ ಎಷ್ಟೋ ಹೆಣ್ಣುಮಕ್ಕಳ ಕಥೆ ಈ ಎರಡು ಮಾತುಗಳಲ್ಲೇ ಮುಗಿದುಹೋಗುತ್ತಿತ್ತು. ಅವರಲ್ಲೊಬ್ಬ ಹೆಣ್ಣುಮಗಳ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆಕೆ ಓದಿದರು, ಬರೆದರು, ಬರೆದದ್ದನ್ನು ತಾವೇ ಅಚ್ಚು ಹಾಕಿಸಿದರು, ಹೆಂಗಸರಿಗೆಂದೇ ಒಂದು ಮಾಸಪತ್ರಿಕೆ ನಡೆಸಿದರು. ಅವರೇ ನಂಜನಗೂಡು ತಿರುಮಲಾಂಬ (1887–1982). ಕನ್ನಡದ ಮೊದಲ ಪತ್ರಕರ್ತೆ, ಮೊದಲ ಪ್ರಕಾಶಕಿ, ಮೊದಲ ಸಂಪಾದಕಿ ಎಂದು ಸಾಹಿತ್ಯ ಚರಿತ್ರೆ ಅವರನ್ನು ಗುರುತಿಸುತ್ತದೆ.

ಸಂಘದ ಅಕ್ಕತಂಗಿಯರೇ, ವರದಕ್ಷಿಣೆ ಮತ್ತು ಮನೆಯೊಳಗಿನ ಹೊಡೆತ-ಬಡಿತದ ವಿರುದ್ಧ ಮಾತಾಡುವ ಈ ಪುಟಗಳಲ್ಲಿ ಮೈಸೂರು ಸೀಮೆಯ ಒಬ್ಬ ಹಳೆಯ ಸಂಪಾದಕಿಯ ನೆನಪು ಯಾತಕ್ಕೆ ಎಂದು ನೀವು ಕೇಳಬಹುದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಲ್ಲಿ ಇಂದು ಸ್ತ್ರೀಶಕ್ತಿ ಸಂಘ, ಸ್ವಸಹಾಯ ಸಂಘಗಳು ಬಂದಿವೆ. ಪ್ರತಿ ಸಂಘದಲ್ಲೂ ಒಂದು ನಡಾವಳಿ ಪುಸ್ತಕ ಇದೆ. ಆ ಪುಸ್ತಕದಲ್ಲಿ ಏನು ಬರೆಯಬೇಕು, ಯಾರು ಬರೆಯಬೇಕು ಎಂಬ ಪ್ರಶ್ನೆ ಇದೆಯಲ್ಲ, ಅದು ತಿರುಮಲಾಂಬ ಅವರು ಇಡೀ ಜೀವನದಲ್ಲಿ ಎದುರಿಸಿದ ಪ್ರಶ್ನೆಯೇ. ಅವರಿಂದ ನಾವು ಕಲಿಯಬೇಕಾದದ್ದೂ ಇದೆ, ಅವರ ಮಾತಿನಲ್ಲಿ ನಾವು ಒಪ್ಪದೆ ಬಿಡಬೇಕಾದದ್ದೂ ಇದೆ. ಎರಡನ್ನೂ ಬೇರೆ ಬೇರೆ ಮಾಡಿ ನೋಡುವುದು ಈ ಲೇಖನದ ಉದ್ದೇಶ.

ಬಾಗಿಲು ಮುಚ್ಚಿದ ಮೇಲೆ

ತಿರುಮಲಾಂಬ ಹುಟ್ಟಿದ್ದು 1887ರಲ್ಲಿ, ಮೈಸೂರು ಬಳಿಯ ನಂಜನಗೂಡಿನಲ್ಲಿ. ತಂದೆ ವೆಂಕಟಕೃಷ್ಣ ಅಯ್ಯಂಗಾರ್ಯರು ವಕೀಲರು. ಮೈಸೂರು ಸಂಸ್ಥಾನದಲ್ಲಿ 1894ರಲ್ಲೇ ಬಾಲ್ಯವಿವಾಹದ ಮೇಲೆ ಒಂದು ಕಾಯಿದೆ ಬಂದಿತ್ತು. ಆದರೆ ಅದು ಮುಖ್ಯವಾಗಿ ತಡೆದದ್ದು 8 ವರ್ಷ ತುಂಬದ ಹುಡುಗಿಯರ ಮದುವೆಯನ್ನು. 10 ವರ್ಷದ ಹುಡುಗಿಯ ಮದುವೆ ಕಾನೂನಿನ ಕಣ್ಣಿಗೂ ತಪ್ಪಾಗಿರಲಿಲ್ಲ, ಸಮಾಜದ ಕಣ್ಣಿಗಂತೂ ಅದು ಪುಣ್ಯದ ಕೆಲಸವೇ ಆಗಿತ್ತು. ವಕೀಲರ ಮನೆಯಲ್ಲೂ ಹೀಗೇ ನಡೆಯಿತು ಎಂಬುದನ್ನು ಗಮನಿಸಬೇಕು. ಓದಿದವರ ಮನೆ ಎಂದ ಮಾತ್ರಕ್ಕೆ ಹೆಣ್ಣಿಗೆ ರಕ್ಷಣೆ ಸಿಗುತ್ತದೆಂಬ ಭರವಸೆ ಅಂದೂ ಇರಲಿಲ್ಲ, ಇಂದೂ ಇಲ್ಲ.

ನಾಲ್ಕು ವರ್ಷದಲ್ಲಿ ಗಂಡ ತೀರಿಕೊಂಡ. 14 ವರ್ಷದ ಬಾಲವಿಧವೆ ತವರಿನಲ್ಲಿ ಉಳಿದಳು. ಆ ಕಾಲದಲ್ಲಿ ವಿಧವೆ ಎಂದರೆ ಶುಭಕಾರ್ಯಕ್ಕೆ ಎದುರು ಬರಬಾರದವಳು, ಒಳಮನೆಯಲ್ಲೇ ಇದ್ದು ಮನೆಯವರ ಚಾಕರಿ ಮಾಡಿಕೊಂಡು ದಿನ ಕಳೆಯಬೇಕಾದವಳು. ತಿರುಮಲಾಂಬ ಅವರಿಗೆ ತಂದೆ ಒಂದು ಬೇರೆ ದಾರಿ ತೋರಿದರು. ಮಗಳಿಗೆ ಪುಸ್ತಕ ತಂದುಕೊಟ್ಟರು, ಓದಲು ಬಿಟ್ಟರು, ಬರೆದದ್ದನ್ನು ಅಲ್ಲಗಳೆಯಲಿಲ್ಲ. ಕನ್ನಡದ ಜೊತೆಗೆ ಬೇರೆ ಭಾಷೆಗಳ ಪುಸ್ತಕಗಳನ್ನೂ ಅವರು ಮನೆಯಲ್ಲೇ ಓದಿಕೊಂಡರು. ಅವರ ಕೈಗೆ ಯಾವ ಪದವಿಯೂ ಬರಲಿಲ್ಲ. ಮನೆಗೆ ಬರುವ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುತ್ತ, ತಾವೂ ಕಲಿಯುತ್ತ ಬೆಳೆದರು.

ತಂದೆಯ ಬೆಂಬಲವನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಸಂಘಗಳ ಎಷ್ಟೋ ಸಭೆಗಳಲ್ಲಿ ಕೇಳಿಬರುವ ಮಾತು ಒಂದೇ: "ಹೊಡೆದ್ರೂ ಬಡಿದ್ರೂ ಅದು ನಿನ್ನ ಮನಿ ಅಂತ ತವರಿನವರೇ ತಿರುಗಿ ಕಳಿಸ್ತಾರ." ಒಂದು ಹೆಣ್ಣು ಉಳಿಯುವುದೋ ಅಳಿಯುವುದೋ ಎಂಬುದು ಅನೇಕ ಸಲ ತವರಿನ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂಬುದರ ಮೇಲೆ ನಿಂತಿರುತ್ತದೆ. ತಿರುಮಲಾಂಬ ಅವರ ಸಾಧನೆ ಅವರದೇ. ಆದರೆ ಆ ತೆರೆದ ಬಾಗಿಲು ಇಲ್ಲದಿದ್ದರೆ ಅವರ ಹೆಸರೂ ನಮಗೆ ತಿಳಿಯುತ್ತಿರಲಿಲ್ಲ.

ಸಂಪಾದಕಿ ಎಂದರೆ ಯಾರು?

1913ರಲ್ಲಿ ಅವರು 'ಸತಿಹಿತೈಷಿಣಿ' ಎಂಬ ಗ್ರಂಥಮಾಲೆ ಆರಂಭಿಸಿದರು. ಅದರಲ್ಲಿ ಮೊದಲು ಬಂದದ್ದು ಅವರದೇ ಕಾದಂಬರಿ 'ಸುಶೀಲೆ'. ಅದನ್ನು ಜನ ಕೊಂಡು ಓದಿದರು, ಮತ್ತೆ ಮತ್ತೆ ಅಚ್ಚಾಯಿತು. 'ನಭಾ', 'ವಿರಾಗಿಣಿ', 'ಮಾತೃನಂದಿನಿ' ಹೀಗೆ ಒಂದರ ಹಿಂದೆ ಒಂದು ಪುಸ್ತಕ ಬಂದವು. 1917ರಲ್ಲಿ 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆ ಹೊರತಂದರು. ಅದು ನಿಂತ ಮೇಲೆ 'ಸನ್ಮಾರ್ಗದರ್ಶಿನಿ' ಎಂಬ ಇನ್ನೊಂದು ಪತ್ರಿಕೆ ನಡೆಸಿದರು.

ಪತ್ರಿಕೆಯ ಹೆಸರನ್ನೇ ನೋಡಿ. 1917ರಲ್ಲಿ ಕರ್ನಾಟಕ ಎಂಬ ರಾಜ್ಯವೇ ಇರಲಿಲ್ಲ. ಕನ್ನಡಿಗರು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿದ್ದರು. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದಕ್ಕೆ 56 ವರ್ಷ ಮೊದಲೇ ನಂಜನಗೂಡಿನ ಒಬ್ಬ ವಿಧವೆ ತನ್ನ ಪತ್ರಿಕೆಗೆ ಆ ಹೆಸರಿಟ್ಟಿದ್ದಳು.

ಸಂಪಾದಕಿ ಎಂದರೆ ಬರೀ ಬರೆಯುವವಳಲ್ಲ. ಯಾರಿಂದ ಬರೆಸಬೇಕು, ಬಂದದ್ದರಲ್ಲಿ ಯಾವುದು ಅಚ್ಚಾಗಬೇಕು, ಯಾವುದು ಮೊದಲ ಪುಟಕ್ಕೆ ಬರಬೇಕು, ಯಾವುದನ್ನು ತಿದ್ದಬೇಕು ಎಂದು ತೀರ್ಮಾನ ಮಾಡುವವಳು. ಪತ್ರಿಕೆಯನ್ನು ತಾನೇ ನಡೆಸುವವಳಾದರೆ ಅದರ ಜೊತೆಗೆ ಕಾಗದದ ಖರ್ಚು, ಅಚ್ಚುಕೂಟದ ಬಾಕಿ, ಚಂದಾದಾರರ ಪಟ್ಟಿ, ಅಂಚೆಯ ವೆಚ್ಚ ಎಲ್ಲವೂ ಆಕೆಯ ತಲೆಯ ಮೇಲೆ. ಲೆಕ್ಕ ಬಾರದಿದ್ದರೆ ಪತ್ರಿಕೆ ಒಂದು ವರ್ಷವೂ ನಡೆಯುವುದಿಲ್ಲ. ಉಳಿತಾಯದ ಲೆಕ್ಕ, ಸಾಲದ ಕಂತು, ಬ್ಯಾಂಕಿನ ಪಾಸ್‌ಬುಕ್ ಹಿಡಿದು ಓಡಾಡುವ ನಮ್ಮ ಸಂಘದ ಪ್ರತಿನಿಧಿಗಳಿಗೆ ಈ ಕಷ್ಟ ಬೇಗ ಅರ್ಥವಾಗುತ್ತದೆ.

ದೇಶದ ಬೇರೆ ಕಡೆ ಈ ಕೆಲಸ ಮೊದಲೇ ಶುರುವಾಗಿತ್ತು. 1870ರಲ್ಲೇ ಬಂಗಾಳದಲ್ಲಿ ಮೋಕ್ಷದಾಯಿನಿ ಮುಖೋಪಾಧ್ಯಾಯ ಅವರು 'ಬಂಗಮಹಿಳಾ' ಪತ್ರಿಕೆ ನಡೆಸಿದರು. 1884ರಿಂದ ಸ್ವರ್ಣಕುಮಾರಿ ದೇವಿ 'ಭಾರತಿ' ಪತ್ರಿಕೆಯ ಸಂಪಾದಕಿಯಾದರು. 1898ರಲ್ಲಿ ಲಾಹೋರಿನಲ್ಲಿ ಮುಹಮ್ಮದಿ ಬೇಗಂ ಅವರು ಹೆಂಗಸರಿಗಾಗಿ 'ತಹಜೀಬ್-ಎ-ನಿಸ್ವಾಂ' ಎಂಬ ಉರ್ದು ವಾರಪತ್ರಿಕೆಯ ಸಂಪಾದಕಿಯಾಗಿ ನಿಂತರು. ನಮ್ಮ ಭಾಗ ಆಗ ನಿಜಾಮರ ಆಳ್ವಿಕೆಯಲ್ಲಿತ್ತು. ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್‌ಜಂಗ್ ಮನೆತನದ ಜಹಗೀರು. ಕಚೇರಿಯ ಭಾಷೆ ಉರ್ದು, ಮನೆಯ ಭಾಷೆ ಕನ್ನಡ. ಕಚೇರಿಯ ಭಾಷೆಯಲ್ಲಿ ಹೆಂಗಸರ ಪತ್ರಿಕೆ ಬಂದಿತ್ತು, ಆದರೆ ಅದನ್ನು ಓದುವ ಅಕ್ಷರ ನಮ್ಮ ಅಜ್ಜಿಯರಿಗೆ ಸಿಗಲಿಲ್ಲ. ಕನ್ನಡದಲ್ಲಿ ಪತ್ರಿಕೆ ಬಂದಾಗ ಅದೂ ನಮ್ಮ ಹಳ್ಳಿಗಳಿಂದ ಬಹಳ ದೂರ ಇತ್ತು. 2011ರ ಜನಗಣತಿಯಲ್ಲಿ ಕೂಡ ಕೊಪ್ಪಳ ಜಿಲ್ಲೆಯಲ್ಲಿ 7 ವರ್ಷ ದಾಟಿದ ನೂರು ಗಂಡಸರಲ್ಲಿ 78 ಮಂದಿಗೆ ಅಕ್ಷರ ಬರುತ್ತಿದ್ದರೆ, ನೂರು ಹೆಂಗಸರಲ್ಲಿ ಬರುತ್ತಿದ್ದದ್ದು 57 ಮಂದಿಗೆ. ಆ ದೂರ ಇನ್ನೂ ಪೂರ್ತಿ ಸವೆದಿಲ್ಲ.

ಅವರ ಉಪದೇಶ, ಅವರ ಕೆಲಸ

ಈಗ ಒಂದು ಕಷ್ಟದ ಮಾತಿಗೆ ಬರೋಣ. 'ಸತಿಹಿತೈಷಿಣಿ' ಎಂದರೆ ಸತಿಯರ ಹಿತ ಬಯಸುವವಳು. ಆ ಹಿತ ಯಾವುದು? ತಿರುಮಲಾಂಬ ಅವರ ಬರವಣಿಗೆಯಲ್ಲಿ ಒಳ್ಳೆಯ ಹೆಣ್ಣೆಂದರೆ ಗುಣವಂತೆ, ತಾಳ್ಮೆಯವಳು, ಗಂಡನ ಮನೆಯ ಮಾನ ಕಾಯುವವಳು. ಹೆಣ್ಣು ಓದಬೇಕು, ತಿಳಿವಳಿಕೆ ಪಡೆಯಬೇಕು ಎಂದು ಅವರು ಗಟ್ಟಿಯಾಗಿ ಹೇಳಿದರು. ಆ ತಿಳಿವಳಿಕೆ ಸಂಸಾರವನ್ನು ಸರಿಪಡಿಸಲಿ ಎಂಬುದೇ ಅವರ ಆಸೆ. ಸಂಸಾರದ ಕಟ್ಟಳೆಯನ್ನೇ ಪ್ರಶ್ನಿಸುವ ಹಂತಕ್ಕೆ ಅವರು ಹೋಗಲಿಲ್ಲ.

ಇದನ್ನು ಇಟ್ಟುಕೊಂಡು ಕೆಲವರು "ಆಕೆ ಹಳೇ ಕಾಲದವಳು, ಪತಿವ್ರತಾ ಧರ್ಮ ಬೋಧಿಸಿದವಳು, ನಮಗೇನು ಪ್ರಯೋಜನ?" ಎಂದು ತಳ್ಳಿಹಾಕುತ್ತಾರೆ. ಇನ್ನು ಕೆಲವರು "ನೋಡಿ, ಅಷ್ಟು ದೊಡ್ಡ ಲೇಖಕಿಯೇ ಸಹನೆ ಬೇಕು ಎಂದಿದ್ದಾರೆ" ಎಂದು ಅದನ್ನೇ ಇಂದಿನ ಸೊಸೆಯಂದಿರಿಗೆ ಪಾಠ ಮಾಡುತ್ತಾರೆ. ಇವೆರಡೂ ನನಗೆ ಒಪ್ಪಿಗೆಯಿಲ್ಲ.

ತಾಳ್ಮೆಯ ಉಪದೇಶವನ್ನು ನಾವು ಸ್ಪಷ್ಟವಾಗಿ ಬಿಡಬೇಕು. ಹೊಡೆಯುವ ಗಂಡ ಹೆಂಡತಿಯ ಸಹನೆಯಿಂದ ತಿದ್ದಿಕೊಳ್ಳುತ್ತಾನೆ ಎಂಬುದು ಕಾದಂಬರಿಯಲ್ಲಿ ನಡೆಯಬಹುದು. ಊರಿನಲ್ಲಿ ನಾವು ಕಂಡದ್ದು ಬೇರೆ. ಮೊದಲ ಏಟಿಗೆ ಯಾರೂ ಕೇಳದಿದ್ದರೆ ಎರಡನೆಯ ಏಟು ಬೀಳುತ್ತದೆ. ಮೊದಲ ತೊಲೆ ಬಂಗಾರ ಬಂದರೆ ಬೈಕಿನ ಮಾತು ಬರುತ್ತದೆ, ಬೈಕು ಬಂದರೆ ಹೊಲದ ಮಾತು ಬರುತ್ತದೆ. ನಮ್ಮ ಅಜ್ಜಿಯರ ಕಾಲದಲ್ಲಿ ಎಷ್ಟೋ ಸಮುದಾಯಗಳಲ್ಲಿ ಗಂಡಿನವರೇ ಹೆಣ್ಣಿಗೆ ತೆರ ಕೊಡುತ್ತಿದ್ದರು. ಇಂದು ಅದೇ ಮನೆಗಳಲ್ಲಿ ಹೆಣ್ಣಿನವರು ವರೋಪಚಾರದ ಹೆಸರಿನಲ್ಲಿ ರೊಕ್ಕ ಎಣಿಸುತ್ತಿದ್ದಾರೆ. ಇದು ಸಹನೆಯಿಂದ ಕಡಿಮೆಯಾದ ರೋಗವಲ್ಲ, ಸಹನೆಯನ್ನೇ ಉಂಡು ಬೆಳೆದ ರೋಗ.

ಆದರೆ ಅವರು ಮಾಡಿದ ಕೆಲಸ ಅವರ ಉಪದೇಶಕ್ಕಿಂತ ಬಹಳ ಮುಂದೆ ಹೋಗಿತ್ತು. ವಿಧವೆ ಹೊರಗೆ ಮುಖ ತೋರಿಸಬಾರದು ಎನ್ನುತ್ತಿದ್ದ ಕಾಲದಲ್ಲಿ ತಮ್ಮ ಸ್ವಂತ ಹೆಸರನ್ನು ಪುಸ್ತಕದ ಮುಖಪುಟದ ಮೇಲೆ ಹಾಕಿಸಿದರು. ಹೆಂಗಸಿನ ಕೈಗೆ ಹಣದ ವ್ಯವಹಾರ ಕೊಡಬಾರದು ಎನ್ನುತ್ತಿದ್ದ ಕಾಲದಲ್ಲಿ ಪ್ರಕಾಶನ ನಡೆಸಿದರು. ಯಾವ ಮಾತು ಅಚ್ಚಾಗಬೇಕು ಎಂದು ತೀರ್ಮಾನಿಸುವ ಅಧಿಕಾರ ಒಬ್ಬ ಹೆಣ್ಣಿನ ಕೈಗೂ ಬರಬಹುದು ಎಂದು ತೋರಿಸಿದರು. ಬಾಯಲ್ಲಿ ಅವರು ಹೇಳಿದ್ದು ತಾಳಿಕೋ ಎಂದು. ಕೈಯಲ್ಲಿ ಮಾಡಿದ್ದು ಸುಮ್ಮನಿರದ ಕೆಲಸ. ಅವರ ಬಾಯಿಮಾತನ್ನು ಬಿಟ್ಟು ಕೈಕೆಲಸವನ್ನು ಹಿಡಿಯೋಣ.

ಮರೆವು ಹೇಗೆ ಬರುತ್ತದೆ

ಅವರ ಪತ್ರಿಕೆಗಳು ಬಹಳ ಕಾಲ ಬದುಕಲಿಲ್ಲ. ಅದೇ ಕಾಲದ ಇನ್ನೊಬ್ಬ ಬಾಲವಿಧವೆ ಆರ್. ಕಲ್ಯಾಣಮ್ಮನವರು ಬೆಂಗಳೂರಿನಲ್ಲಿ 1921ರಲ್ಲಿ ಆರಂಭಿಸಿದ 'ಸರಸ್ವತಿ' ಪತ್ರಿಕೆ ನಾಲ್ಕು ದಶಕಗಳ ಕಾಲ ನಡೆಯಿತು. ಎಲ್ಲರಿಗೂ ಹಾಗೆ ನಡೆಸಲು ಆಗುವುದಿಲ್ಲ. ತಿರುಮಲಾಂಬ ಅವರ ಕೃತಿಗಳ ಬಗ್ಗೆ ಮಾಸ್ತಿ ವೆಂಕಟೇಶ ಅಯ್ಯಂಗಾರರಂಥ ದೊಡ್ಡವರಿಂದ ಬಂದ ಕಟು ವಿಮರ್ಶೆ ಅವರನ್ನು ನೋಯಿಸಿತು, ಮುಂದೆ ಅವರು ಬರವಣಿಗೆಯಿಂದ ಹಿಂದೆ ಸರಿದರು ಎಂದು ಅವರ ಬದುಕನ್ನು ಅಧ್ಯಯನ ಮಾಡಿದವರು ಬರೆದಿದ್ದಾರೆ. ವಿಮರ್ಶೆ ಮಾಡುವುದು ತಪ್ಪಲ್ಲ. ಬರೆಯುವ ಹೆಂಗಸರು ಬೆರಳೆಣಿಕೆಯಷ್ಟು ಇದ್ದಾಗ, ಅವರ ಬೆನ್ನಿಗೆ ನಿಲ್ಲುವ ಬೇರೆ ದನಿಗಳು ಇಲ್ಲದಾಗ, ಒಂದೇ ಕಟುಮಾತು ಒಂದು ಬಾಗಿಲನ್ನೇ ಮುಚ್ಚಿಬಿಡಬಲ್ಲದು ಎಂಬುದನ್ನು ನೆನಪಿಡಬೇಕು.

ತಮ್ಮ ಕೊನೆಯ ವರ್ಷಗಳನ್ನು ಅವರು ಮದರಾಸಿನಲ್ಲಿ ಕಳೆದರು. 95 ವರ್ಷ ಬದುಕಿದ ಆಕೆಯನ್ನು ಕನ್ನಡ ನಾಡು ಅದರ ಅರ್ಧಕ್ಕೂ ಹೆಚ್ಚು ಕಾಲ ಮರೆತಿತ್ತು. ಮತ್ತೆ ನೆನಪಿಗೆ ತಂದವರು ಹೆಂಗಸರೇ. ಬೆಂಗಳೂರಿನ ಎನ್.ಎಂ.ಕೆ.ಆರ್.ವಿ. ಮಹಿಳಾ ಕಾಲೇಜಿನ ಪ್ರಾಂಶುಪಾಲರಾಗಿದ್ದ ಚಿ.ನ. ಮಂಗಳಾ ಅವರು ತಿರುಮಲಾಂಬ ಅವರನ್ನು ಹುಡುಕಿಕೊಂಡು ಹೋದರು, ಅವರ ಬಗ್ಗೆ ಬರೆದರು. ಮೈಸೂರಿನ ವಿಜಯಾ ದಬ್ಬೆ ಅವರು ತಿರುಮಲಾಂಬ ಅವರ ಬರಹಗಳನ್ನು ಸ್ತ್ರೀವಾದಿ ಕಣ್ಣಿನಿಂದ ಮತ್ತೆ ಓದಿದರು. ನಾನು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ವರ್ಷಗಳಲ್ಲಿ ಸಾಹಿತ್ಯ ಚರಿತ್ರೆಯ ಪಾಠದಲ್ಲಿ ತಿರುಮಲಾಂಬ ಎಂದರೆ ಒಂದು ಸಾಲು, ಹೆಚ್ಚೆಂದರೆ ಎರಡು ಸಾಲು. ಆ ಒಂದು ಸಾಲು ಕೂಡ ಉಳಿದದ್ದು ಅವರು ಬರೆದು, ಅಚ್ಚು ಹಾಕಿಸಿ ಇಟ್ಟಿದ್ದರಿಂದ. ಹುಡುಕಿಕೊಂಡು ಬರುವವರಿಗೆ ಕೈಗೆ ಸಿಗಲು ಏನಾದರೂ ಇರಬೇಕಲ್ಲ!

ನಮ್ಮ ಪುಸ್ತಕದಲ್ಲಿ ಏನಿದೆ?

ಈಗ ನಮ್ಮ ನಡಾವಳಿ ಪುಸ್ತಕವನ್ನು ತೆರೆದು ನೋಡೋಣ. "ಈ ದಿನ ಸಭೆ ಸೇರಲಾಯಿತು, ಇಷ್ಟು ಜನ ಹಾಜರಿದ್ದರು, ಇಷ್ಟು ಉಳಿತಾಯ ಜಮಾ ಆಯಿತು, ಇಂಥವರಿಗೆ ಸಾಲ ಕೊಡಲು ಠರಾವು ಮಾಡಲಾಯಿತು." ವರ್ಷಗಟ್ಟಲೆ ಇದೇ ಸಾಲುಗಳು. ಆ ಸಭೆಯಲ್ಲಿ ಯಾರ ತುಟಿ ಒಡೆದಿತ್ತು, ಯಾರು ಸೆರಗು ಮುಚ್ಚಿ ಕೂತಿದ್ದರು, ಯಾರು ಮೂರು ವಾರದಿಂದ ಬಂದಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತು, ಪುಸ್ತಕಕ್ಕೆ ಮಾತ್ರ ಗೊತ್ತಿಲ್ಲ. "ಅದು ಮನಿ ವಿಷಯ" ಎಂದು ಬಿಟ್ಟಿರುತ್ತೇವೆ. ಎಷ್ಟೋ ಸಂಘಗಳಲ್ಲಿ ಪುಸ್ತಕ ಬರೆಯುವವರು ಸದಸ್ಯೆಯ ಗಂಡನೋ ಮಗನೋ ಆಗಿರುತ್ತಾನೆ. ಗಂಡಸಿನ ಕೈಯಲ್ಲಿ ಪೆನ್ನಿದ್ದಾಗ ಹೆಂಗಸಿನ ನೋವು ಆ ಪುಸ್ತಕಕ್ಕೆ ಹೇಗೆ ಇಳಿದೀತು?

ಇನ್ನೊಂದು ಮಾತು ಇದಕ್ಕಿಂತ ಕಹಿಯಾದದ್ದು. "ಎಮ್ಮೆ ಕೊಳ್ಳಲು", "ಹೊಲಿಗೆ ಯಂತ್ರಕ್ಕೆ" ಎಂದು ಬರೆದು ಪಡೆದ ಸಾಲ ಎಷ್ಟೋ ಸಲ ಮಗಳ ವರದಕ್ಷಿಣೆಗೆ ಹೋಗುತ್ತದೆ. ಎಮ್ಮೆ ಕೊಟ್ಟಿಗೆಗೆ ಬರುವುದಿಲ್ಲ, ಕಂತು ಮಾತ್ರ ತಪ್ಪುವುದಿಲ್ಲ. ತಾಯಿ ಕೂಲಿಗೆ ಹೋಗಿ, ಗುಳೆ ಹೋಗಿ ತೀರಿಸುತ್ತಾಳೆ. ಹೆಂಗಸರ ಬಿಡುಗಡೆಗೆ ಎಂದು ಕಟ್ಟಿದ ಸಂಘದ ರೊಕ್ಕ ಹೆಂಗಸರನ್ನು ಮಾರುವ ವ್ಯವಹಾರಕ್ಕೆ ಬಂಡವಾಳ ಆಗುತ್ತಿದೆ, ಅದೂ ನಮ್ಮದೇ ಪುಸ್ತಕದಲ್ಲಿ ಸುಳ್ಳು ಹೆಸರಿನಿಂದ.

"ಸಂಘ ಕೊಡದಿದ್ದರೆ ಆಕೆ ಫೈನಾನ್ಸಿನವರ ಹತ್ತಿರ ಹೋಗ್ತಾಳೆ, ಇನ್ನೂ ಹೆಚ್ಚು ಬಡ್ಡಿಗೆ ಸಿಕ್ಕಿಬೀಳ್ತಾಳೆ" ಎಂದು ನೀವು ಹೇಳಬಹುದು. ಮಾತು ನಿಜ. ಆದ್ದರಿಂದ ಒಂದೇ ದಿನದಲ್ಲಿ "ಸಾಲ ಇಲ್ಲ" ಎಂದು ಹೇಳಿ ಆ ತಾಯಿಯನ್ನು ಬೀದಿಗೆ ತಳ್ಳಿ ಎಂದು ನಾನು ಹೇಳುವುದಿಲ್ಲ. ಸಾಲದ ಕಾರಣವನ್ನು ನಿಜವಾಗಿ ಹೇಳುವ ಸಭೆ ಮೊದಲು ಆಗಲಿ. "ಮಗಳ ಮದುವೆಗೆ ಇಷ್ಟು ಕೇಳಿದ್ದಾರೆ" ಎಂದು ಒಬ್ಬಳು ಬಾಯಿಬಿಟ್ಟು ಹೇಳಿದರೆ, ಇಪ್ಪತ್ತು ಮಂದಿ ಕೂಡಿ ಆ ಬೀಗರ ಮುಂದೆ ಮಾತಾಡಲು ಹೋಗಬಹುದು. "ಎಮ್ಮೆಗೆ" ಎಂದು ಬರೆದ ಮೇಲೆ ಯಾರೂ ಯಾರ ಬೆನ್ನಿಗೂ ನಿಲ್ಲಲಾರರು.

ಬರೆದದ್ದಕ್ಕೆ ಕಾನೂನಿನಲ್ಲಿ ಬೆಲೆ ಇದೆ

ಬರೆದಿಡುವುದರಿಂದ ಏನಾಗುತ್ತದೆ ಎಂದು ಕೇಳುವವರಿಗೆ ಕೆಲವು ಸಂಗತಿ ಹೇಳಬೇಕು.

ವರದಕ್ಷಿಣೆ ನಿಷೇಧ ಕಾಯಿದೆ 1961ರಲ್ಲಿ ಬಂತು. 1985ರ ನಿಯಮಗಳ ಪ್ರಕಾರ ಮದುವೆಯಲ್ಲಿ ವಧುವಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ವಧುವೇ ಇಟ್ಟುಕೊಳ್ಳಬೇಕು. ವಸ್ತು ಯಾವುದು, ಸುಮಾರು ಬೆಲೆ ಎಷ್ಟು, ಕೊಟ್ಟವರು ಯಾರು, ಅವರು ಏನಾಗಬೇಕು ಎಂದು ಬರೆದು ವಧು-ವರ ಇಬ್ಬರೂ ಸಹಿ ಮಾಡಬೇಕು. ಸಹಿ ಬಾರದಿದ್ದರೆ ಪಟ್ಟಿಯನ್ನು ಓದಿ ಹೇಳಿಸಿಕೊಂಡು ಹೆಬ್ಬೆಟ್ಟು ಒತ್ತಬಹುದು, ಓದಿ ಹೇಳಿದವರು ಸಹಿ ಹಾಕಬೇಕು. ನಮ್ಮ ಕಡೆ ಆಯೇರಿಯನ್ನು ಮೈಕಿನಲ್ಲಿ ಕೂಗಿ ಹೇಳುತ್ತಾರೆ, ಪಟ್ಟಿಯಲ್ಲಿ ಬರೆಯುತ್ತಾರೆ. ಆದರೆ ಆ ಪಟ್ಟಿ ಇರುವುದು ಮನೆಯ ಗಂಡಸರ ಕೈಯಲ್ಲಿ. ಕಾನೂನು ಕೇಳುವ ಪಟ್ಟಿ ಮದುವೆ ಹೆಣ್ಣಿನ ಕೈಯಲ್ಲಿ ಇರಬೇಕಾದದ್ದು. ಅದೇ ಕಾಯಿದೆಯ ಪ್ರಕಾರ ವರದಕ್ಷಿಣೆಯಾಗಿ ಪಡೆದದ್ದನ್ನು ಬೇರೆಯವರು ಇಟ್ಟುಕೊಂಡಿದ್ದರೆ ಮೂರು ತಿಂಗಳೊಳಗೆ ಆಕೆಗೆ ಒಪ್ಪಿಸಬೇಕು. ಕೊಟ್ಟವರೂ ತಪ್ಪಿತಸ್ಥರು ಎಂಬ ಹೆದರಿಕೆಯಿಂದ ಎಷ್ಟೋ ತಂದೆತಾಯಿ ದೂರು ಕೊಡುವುದಿಲ್ಲ. ನೊಂದವರು ಕೊಟ್ಟ ಹೇಳಿಕೆಯನ್ನೇ ಹಿಡಿದು ಅವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ ಎಂದು ಕಾಯಿದೆಯ 7ನೇ ಕಲಮು ಹೇಳುತ್ತದೆ.

ಗಂಡ ಅಥವಾ ಅವನ ಕಡೆಯವರ ಕ್ರೌರ್ಯಕ್ಕೆ ಶಿಕ್ಷೆ ಕೊಡುವ 498ಎ ಕಲಮು 1983ರಲ್ಲಿ ಬಂತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 85 ಮತ್ತು 86ನೇ ಕಲಮಾಗಿದೆ. ವರದಕ್ಷಿಣೆ ಸಾವಿನ ಕಲಮು ಈಗ 80. ಮದುವೆಯಾದ ಏಳು ವರ್ಷದೊಳಗೆ ಹೆಣ್ಣು ಅಸಹಜವಾಗಿ ಸತ್ತು, ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಹಿಂಸೆ ಆಗಿತ್ತು ಎಂದು ತೋರಿಸಬೇಕಾಗುತ್ತದೆ. ಇಲ್ಲೇ ಬಹಳಷ್ಟು ಪ್ರಕರಣಗಳು ಬಿದ್ದುಹೋಗುವುದು. "ಯಾವಾಗ ಕೇಳಿದರು? ಯಾವಾಗ ಹೊಡೆದರು? ಯಾರಿಗೆ ಹೇಳಿದ್ದಳು?" ಎಂದು ವಕೀಲರು ಕೇಳಿದಾಗ ತವರಿನವರ ಹತ್ತಿರ ಕಣ್ಣೀರು ಇರುತ್ತದೆ, ತಾರೀಖು ಇರುವುದಿಲ್ಲ.

1984ರಲ್ಲಿ ಪುಣೆಯ ಒಂದು ಪ್ರಕರಣದಲ್ಲಿ, ಮದುವೆಯಾದ ಕೆಲವೇ ತಿಂಗಳಲ್ಲಿ ಸತ್ತ ಹೆಣ್ಣುಮಗಳು ತನ್ನ ಸೋದರಿಗೂ ಗೆಳತಿಗೂ ಬರೆದ ಪತ್ರಗಳನ್ನು ಸುಪ್ರೀಂ ಕೋರ್ಟು ಪರಿಶೀಲಿಸಿತು. ಸತ್ತವರು ತಮ್ಮ ಸಾವಿಗೆ ಸಂಬಂಧಿಸಿದ ಸನ್ನಿವೇಶದ ಬಗ್ಗೆ ಮೊದಲೇ ಬರೆದ ಮಾತೂ ಸಾಕ್ಷ್ಯವಾಗಬಹುದು ಎಂಬ ತತ್ವವನ್ನು ಒಪ್ಪಿತು. ಆದರೆ ಒಟ್ಟು ಸಾಕ್ಷ್ಯ ಸಾಲದು ಎಂದು ಗಂಡನನ್ನು ಬಿಡುಗಡೆ ಮಾಡಿತು. ಇದರಿಂದ ನಾವು ಎರಡು ಪಾಠ ಕಲಿಯಬೇಕು. ಬರೆದ ಮಾತಿಗೆ ಬೆಲೆ ಇದೆ. ಅದರ ಜೊತೆಗೆ ಆಸ್ಪತ್ರೆಯ ಚೀಟಿ, ದೂರಿನ ಪ್ರತಿ, ಕಂಡವರ ಸಾಕ್ಷಿ ಕೂಡಿದರೆ ಆ ಬೆಲೆ ಹೆಚ್ಚುತ್ತದೆ.

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯಿದೆ 2005ರಲ್ಲಿ ಆಯಿತು, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಹೊಡೆತ ಮಾತ್ರವಲ್ಲ, ಬೈಗುಳ, ಹಣ ಕೊಡದೆ ಸತಾಯಿಸುವುದು, ಮನೆಯಿಂದ ಹೊರಹಾಕುವುದು ಎಲ್ಲವೂ ಅದರಡಿ ದೌರ್ಜನ್ಯವೇ. ಮನೆ ಯಾರ ಹೆಸರಿನಲ್ಲಿದ್ದರೂ ಆಕೆಗೆ ಅಲ್ಲಿ ಇರುವ ಹಕ್ಕಿದೆ. ನಮ್ಮ ರಾಜ್ಯದಲ್ಲಿ ತಾಲೂಕಿನ ಸಿ.ಡಿ.ಪಿ.ಓ. ಅವರೇ ಸಂರಕ್ಷಣಾಧಿಕಾರಿ. ನೊಂದವಳೇ ಹೋಗಬೇಕೆಂದಿಲ್ಲ. ದೌರ್ಜನ್ಯ ನಡೆದಿದೆ ಎಂದು ನಂಬಲು ಕಾರಣ ಇರುವ ಯಾರಾದರೂ, ಅಂದರೆ ನಿಮ್ಮ ಸಂಘವೂ, ಅವರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಮೊಕದ್ದಮೆ ಹಾಕುವಂತಿಲ್ಲ. 181 ಸಹಾಯವಾಣಿಗೂ, ತುರ್ತಿದ್ದರೆ 112ಕ್ಕೂ ಫೋನು ಮಾಡಬಹುದು.

ಒಂದು ಎಚ್ಚರಿಕೆ

ಬರೆಯುವುದರಲ್ಲಿ ಅಪಾಯವೂ ಇದೆ. ನಡಾವಳಿ ಪುಸ್ತಕವನ್ನು ಬ್ಯಾಂಕಿನವರು ನೋಡುತ್ತಾರೆ, ಇಲಾಖೆಯವರು ನೋಡುತ್ತಾರೆ, ಮನೆಯಲ್ಲಿ ಇಟ್ಟರೆ ಗಂಡಸರೂ ನೋಡುತ್ತಾರೆ. ಇಂಥವಳು ಹೀಗೆ ಹೇಳಿದಳು ಎಂದು ಅದರಲ್ಲಿ ಬರೆದು, ಆ ರಾತ್ರಿ ಅವಳಿಗೇ ಏಟು ಬೀಳುವಂತೆ ಆಗಬಾರದು. ಒಳ್ಳೆಯ ಸಂಪಾದಕಿಗೆ ಯಾವುದನ್ನು ಅಚ್ಚು ಹಾಕಬೇಕು ಎಂಬಷ್ಟೇ ಯಾವುದನ್ನು ಹಾಕಬಾರದು ಎಂಬುದೂ ಗೊತ್ತಿರಬೇಕು.

ಆದ್ದರಿಂದ ನೋವಿನ ಮಾತಿಗೆ ಬೇರೆಯೇ ಒಂದು ನೋಟುಬುಕ್ ಇರಲಿ. ಹೇಳಿದವಳ ಒಪ್ಪಿಗೆ ಇಲ್ಲದೆ ಒಂದು ಅಕ್ಷರವನ್ನೂ ಬರೆಯಬೇಡಿ. ಬರೆದದ್ದನ್ನು ಅವಳಿಗೆ ಓದಿ ಹೇಳಿ. ತಾರೀಖು, ಸಮಯ, ಏನಾಯಿತು, ಯಾರು ಕಂಡರು ಇಷ್ಟೇ ಸಾಕು, ನಿಮ್ಮ ಊಹೆ ಬೇಡ, ಬಣ್ಣ ಕಟ್ಟುವುದು ಬೇಡ. ಅವಳು ನಂಬುವ ಒಬ್ಬರ ಹತ್ತಿರ, ಅವಳ ಮನೆಯಿಂದ ಹೊರಗೆ ಆ ಪುಸ್ತಕ ಇರಲಿ. ಅಕ್ಷರ ಬಾರದ ಸದಸ್ಯೆ ಹೇಳಿದರೆ ಅಕ್ಷರ ಬರುವ ಸದಸ್ಯೆ ಬರೆಯಲಿ. ಹೈಸ್ಕೂಲು ಓದಿದ ಸೊಸೆಯಂದಿರು ಇಂದು ಪ್ರತಿ ಓಣಿಯಲ್ಲೂ ಇದ್ದಾರೆ, ಆ ಕೆಲಸ ಗಂಡಸರಿಗೆ ಬಿಡುವ ಅಗತ್ಯವಿಲ್ಲ.

ಮುಂದಿನ ಸಭೆಯಲ್ಲಿ ಮೂರು ಠರಾವು ಮಾಡಬಹುದೇ ನೋಡಿ. ಒಂದು, ನಮ್ಮ ಸಂಘದ ಪುಸ್ತಕವನ್ನು ಸದಸ್ಯೆಯೇ ಬರೆಯಬೇಕು. ಎರಡು, ಸಾಲದ ನಿಜವಾದ ಕಾರಣವನ್ನೇ ಬರೆಯಬೇಕು, ವರದಕ್ಷಿಣೆಗೆ ಎಂದಾದರೆ ಸಾಲದ ಮಾತಿಗಿಂತ ಮೊದಲು ಬೀಗರ ಜೊತೆ ಮಾತು ಆಗಬೇಕು. ಮೂರು, ನಮ್ಮ ಸದಸ್ಯೆಯರ ಮನೆಯ ಮದುವೆಗಳಲ್ಲಿ ಉಡುಗೊರೆ ಪಟ್ಟಿ ಮದುವೆ ಹೆಣ್ಣಿನ ಕೈಯಲ್ಲೇ ಇರಬೇಕು, ಅದರ ಒಂದು ಪ್ರತಿ ಸಂಘದಲ್ಲಿ ಇರಬೇಕು.

ತಿರುಮಲಾಂಬ ಅವರಿಗೆ ಒಬ್ಬ ತಂದೆಯ ಆಸರೆ ಇತ್ತು, ಜೊತೆಗೆ ಕೂತು ಬರೆಯುವ ಇಪ್ಪತ್ತು ಮಂದಿ ಅಕ್ಕತಂಗಿಯರು ಇರಲಿಲ್ಲ. ನಮ್ಮಲ್ಲಿ ಎಷ್ಟೋ ಮಂದಿಗೆ ಅಂಥ ತಂದೆ ಇಲ್ಲ, ಆದರೆ ಆ ಇಪ್ಪತ್ತು ಮಂದಿ ಪ್ರತಿ ವಾರ ಒಂದು ಚಾಪೆಯ ಮೇಲೆ ಸೇರುತ್ತಾರೆ. ಮುಂದಿನ ವಾರ ಸೇರಿದಾಗ ಪೆನ್ನು ಯಾರ ಕೈಯಲ್ಲಿದೆ ಎಂದು ಮೊದಲು ನೋಡಿ, ಆಮೇಲೆ ಲೆಕ್ಕ ಶುರುಮಾಡಿ.